ಬೀಗರಿಗೆ ಬೇಡವಾದ ಬದನೆಕಾಯಿ

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಛತ್ರದಿಂದ ತಂದ ಎಂಜಲೆಲೆ, ಮಿಕ್ಕ ಅನ್ನದ ಡ್ರಮ್ಮು ಇಟ್ಟುಕೊಂಡು ನಿಂತಿದ್ದಳು. ವಯಸ್ಸಾದವನೊಬ್ಬ ಅವಳನ್ನು ಹುಡುಕಿಕೊಂಡು ಬಂದ.

"ಅರುಣಾ, ನಮ್ ಸುಶ್ಮಿತಾ ಮದ್ವೆ ಅಡುಗೆಗೆ ನಿನ್ ಬದನೆಕಾಯಿ ಬ್ಯಾಡ ಕಣವ್ವ."

"ಯಾಕ್ ಭಾವ? ಬೆಳಿ ಅಂದೋರು ನೀವೇ ತಾನೆ?"

"ಬೀಗ್ರಿಗೆ ಗೊತ್ತಾಗೋಯ್ತು. ಎಂಜಲಲ್ಲಿ ಬೆಳ್ದಿದ್ದು ತಿನ್ನಲ್ಲ ಅಂತಾವ್ರೆ. ಮೇಲೆ ಬೂಷ್ಟು ಬೇರೆ ಕಲುಸ್ತೀಯಂತೆ."

"ಅದು ಟ್ರೈಕೋಡರ್ಮಾ. ಎಂಜಲು ಕೊಳ್ತು ಗೊಬ್ಬರ ಆದ್ಮೇಲೆ ಕಲ್ಸೋದು. ಬೇರು ಕಾಯೋ ಬೂಷ್ಟು ಅದು. ಹೋದ್ಸಲ ನಿಮ್ ಗಿಡ ಎಲ್ಲಾ ಸೊರಗೋದ್ವಲ್ಲ, ನನ್ ಗಿಡ ಏನಾದ್ವು?"

"ನಿಂತಿದ್ವು ಬುಡು. ಅದ್ಕೆ ಮದ್ವೆ ಮುರ್ಕೊಳಕಾಯ್ತದಾ?"

"ಸಗಣಿ ಗೊಬ್ಬರದ್ದಾದ್ರೆ ತಿಂತಾರಾ?"

"ತಿಂತಾರೆ."

"ಎಮ್ಮೆ ಹಾಕಿದ್ದಾಯ್ತದೆ, ಮನುಷ್ಯ ಉಂಡು ಬುಟ್ಟಿದ್ದಾಗಲ್ಲ."

ಅವನು ತಲೆ ಕೆರೆದುಕೊಂಡ. ಅವನಿಗೆ ನಾಲ್ಕು ಮಾತು ಬಯ್ಯಲು ನನ್ನ ಬಾಯಿ ತುರಿಸುತ್ತಿತ್ತು.

"ಮಾರ್ಕೆಟ್ಟಿಂದ ತಂದ್ಬುಡ್ತೀನಿ. ನೀನ್ ಸುಮ್ನೆ ಬಂದು ಉಂಡೋಗವ್ವ."

ಗೂಳೂರಿನ ಬಸ್ಸು ಬಂತು. ಅವಳು ಯಾರ ನೆರವಿಗೂ ಕಾಯದೆ ಡ್ರಮ್ಮು ಎತ್ತಿಕೊಂಡು ಹತ್ತಿದಳು. ಬಾಗಿಲಲ್ಲೇ ನಿಂತು ಹೇಳಿದಳು:

"ಮದ್ವೆಗ್ ಬರ್ತೀನಿ ಭಾವ, ಸುಶ್ಮಿತಾ ನಾನ್ ಎತ್ತಾಡ್ಸಿದ್ ಮಗು. ಊಟಕ್ ಕೂರಲ್ಲ. ಬೀಗ್ರು ಉಂಡೆದ್ಮೇಲೆ ಅವ್ರ್ ಎಲೇನೆಲ್ಲಾ ಬಾಚ್ಕೊಂಡೋಗ್ತೀನಿ. ಅದ್ರಲ್ಲೇ ಬದನೆ ಬೆಳ್ದು ಅವ್ರೂರ್ ಸಂತೇಲೇ ಕೂತ್ಕೊಂಡ್ ಮಾರ್ತೀನಿ. ಯಾರದ್ ಎಂಜಲು ಅಂತ ಕೇಳ್ದೋರ್ಗೆಲ್ಲಾ ಹೇಳ್ತೀನಿ."

ಬಸ್ಸು ಹೊರಟಿತು.