ಇನ್ನೂ ಇಳಿದರೆ ಬನ್ನಿ

ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣ. ಪಕ್ಕದಲ್ಲಿ ಕೂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಟೀಚರಮ್ಮನ ಕಿವಿಗೆ ಬೀಳುತ್ತಿತ್ತು. ತಂಗಿಯ ಮಗಳು, ಹೈಸ್ಕೂಲಿನ ಹುಡುಗಿ, ಕಂಬಕ್ಕೆ ಒರಗಿ ನಿಂತಿದ್ದಳು.

“ಡಾಕ್ಟರು ಏನಂದ್ರು ಕಣೇ?” ಅಕ್ಕ ಕೇಳಿದಳು.

“ತೂಕ ಸರಿಯಾಗೇ ಇದೆಯಂತೆ. ಮೊದ್ಲು ದಪ್ಪ ಇದ್ಲಲ್ಲ, ಇಳಿದಿದ್ದು ಒಳ್ಳೇದೇ ಆಯ್ತಂತೆ.”

“ತಿಂದಿದ್ದೆಲ್ಲ ಬಚ್ಚಲಲ್ಲಿ ಕಕ್ಕಿ ಬರ್ತಾಳೆ ಅಂತ ಹೇಳ್ಲಿಲ್ವಾ?”

“ಹೇಳ್ದೆ ಅಕ್ಕ. ಈ ವಯಸ್ಸಲ್ಲಿ ಹಟ ಜಾಸ್ತಿ ಅಂದ್ರು.”

“ನಾನು ಅಡುಗೆ ಮಾಡೋ ಮನೆ ಹುಡುಗೀನೂ ಹೀಗೇ ಮಾಡ್ತಿದ್ಲು. ಅವಳಿಗೆ ಮಾತ್ರ ಕಾಯಿಲೆ ಅಂದ್ರು. ವಾರವಾರ ಮನಸ್ಸಿನ ಡಾಕ್ಟರ ಹತ್ರ ಹೋಗ್ತಾಳೆ.”

“ಅವಳು ಕಡ್ಡಿ ಥರ ಇದ್ಲು. ನೋಡಿದ್ರೇ ಗೊತ್ತಾಗ್ತಿತ್ತು.”

“ಇವಳಿಗ್ಯಾಕೆ ಆ ದಪ್ಪ ಸ್ವೆಟರ್ ಹಾಕ್ಸಿದ್ಯೇ? ಇಳಿದ ಮೈ ಅವರಿಗೆ ಹೇಗೆ ಕಾಣ್ಬೇಕು?”

“ಹಳೇ ಬಟ್ಟೇಲಿ ಹೋದ್ರೆ ಗದರಿಸಿ ಕಳಿಸ್ತಾರೆ ಅಂತ, ನೀನು ಕೊಟ್ಟಿದ್ದನ್ನೇ ಹಾಕ್ಸಿದೆ.”

“ಚೆನ್ನಾಗಿದೆ ಕಣೇ ನಿನ್ನ ಮರ್ಯಾದೆ! ಆಮೇಲೆ?”

“ಮನಸ್ಸಿನ ಡಾಕ್ಟರಿಗೆ ಚೀಟಿ ಬರ್ಕೊಡಿ ಅಂತ ಅಂಗಲಾಚಿದೆ. ಇನ್ನೂ ಇಳಿದ್ರೆ ಕರ್ಕೊಂಡು ಬನ್ನಿ, ಆಗ ನೋಡೋಣ ಅಂದ್ರು.”

ಬಸ್ಸು ಬಂತು. ಕೆಲಸದ ಮನೆಗೆ ಮರಳಬೇಕಿದ್ದ ಅಕ್ಕ, ತಾನು ತಂದಿದ್ದ ಊಟದ ಡಬ್ಬಿಯನ್ನು ಹುಡುಗಿಯ ಕೈಗಿಟ್ಟಳು. “ಮನೆಗೆ ಹೋಗಿ ತಿನ್ನು ಪುಟ್ಟಿ, ನಿಂಗೆ ಅಂತಾನೇ ಮಾಡಿದ್ದು.”

ಹುಡುಗಿ ಡಬ್ಬಿಯನ್ನು ಅಮ್ಮನ ಚೀಲಕ್ಕೆ ತುರುಕಿದಳು.

“ಇನ್ನೂ ಇಳೀಬೇಕಂತಲ್ಲ ದೊಡ್ಡಮ್ಮ,” ಎಂದು ಬಸ್ಸು ಹತ್ತಿದಳು.