ಪಾಸ್ ಎಂದು ಬರೆದ ಹೆಲ್ಮೆಟ್

ಶಿರಾ ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತಿದ್ದ ಭವ್ಯಳ ಪಕ್ಕದಲ್ಲಿ, ಆಗಷ್ಟೇ ಬೈಕ್ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ತಮ್ಮನೊಂದಿಗೆ ಕೂತಿದ್ದಳು. ಆ ಹೆಂಗಸಿನ ಮಡಿಲಲ್ಲಿ ಎರಡು ಹೋಳಾದ, ರಕ್ತ ಮೆತ್ತಿದ ಹೆಲ್ಮೆಟ್ ಇತ್ತು.

“ಅಕ್ಕಾ, ಇದು ನಮ್ ಫ್ಯಾಕ್ಟ್ರೀದು. ಒಳಗಿನ ನಂಬರ್ ನೋಡ್ದೆ. ಟೆಸ್ಟ್ ಮಾಡಿದ್ದು ನಾನೇ,” ಎಂದ ತಮ್ಮ.

“ಟೆಸ್ಟ್ ಅಂದ್ರೆ?”

“ಕಬ್ಬಿಣದ ತಲೆಗೆ ಹೆಲ್ಮೆಟ್ ಹಾಕಿ, ಮಿಷಿನ್ನಲ್ಲಿ ಮೇಲಿಂದ ಬೀಳಿಸ್ತೀವಿ. ಇದ್ರ ಜೊತೆ ತಯಾರಾದ ಲಾಟಲ್ಲಿ ಐದಕ್ಕೆ ಮೂರು ಸೀಳೋದ್ವು.”

“ಆಮೇಲೆ?”

“ಓನರ್ ಪಾಸು ಅಂತ್ಲೇ ಬರಿ ಅಂದ. ಪಾಸು ಅಂತ ಬರ್ದ್ಬುಟ್ಟೆ.”

ಅಕ್ಕ ಹೆಲ್ಮೆಟ್ಟಿನ ಹೋಳಿನಿಂದಲೇ ಅವನ ಮುಖಕ್ಕೆ ಬಾರಿಸಿದಳು. ಹುಬ್ಬು ಒಡೆದು ರಕ್ತ ಇಳಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಮತ್ತೆರಡು ಏಟು ಬಿದ್ದವು. ಬಿಡಿಸಲೆಂದು ಎದ್ದ ಭವ್ಯಳಿಗೆ ಕೈಯೇ ಬರಲಿಲ್ಲ.

“ಇದನ್ನೇ ಪೊಲೀಸ್ನೋರ ಮುಂದೆ ಹೇಳ್ತೀಯಾ?” ಎಂದು ಅಕ್ಕ ಕೇಳಿದಳು.

“ಹೇಳ್ತೀನಿ.”

“ಎದ್ದು ನಡಿ ಮತ್ತೆ. ನಿಮ್ ಭಾವುನ್ನ ಆಮೇಲೆ ಮನೆಗೆ ಕರ್ಕಂಡೋಗನ.”

ತಮ್ಮನ ತೋಳು ಹಿಡಿದು ಅಕ್ಕ ಠಾಣೆಯ ಕಡೆ ನಡೆದಳು.