ಹತ್ತೊಂಬತ್ತು ಮೆಟ್ಟಿಲ ಮೇಲಿನ ಅಕ್ಕಿ

ನಮ್ಮೂರಿನ ನೆರೆ ಪರಿಹಾರ ಸಮಿತಿಯ ಅಧ್ಯಕ್ಷರೂ ಈ ಸಮಾರಂಭದ ಅಧ್ಯಕ್ಷರೂ ಆಗಿರುವ ಮಾನ್ಯ ಮಹಾಂತಪ್ಪನವರೇ, ವೇದಿಕೆಯ ಮೇಲಿರುವ ಸಮಿತಿಯ ಸದಸ್ಯರೇ, ಚಪ್ಪರದ ಒಳಗೆ ಕುಳಿತಿರುವ ಹಾಗೂ ಚಪ್ಪರ ಸಾಲದೆ ಹೊರಗೆ ನಿಂತಿರುವ ಸಭಿಕರೇ,

2019ನೆಯ ಇಸವಿ, ಆಗಸ್ಟ್ ಒಂಬತ್ತು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಈ ಊರಿನಲ್ಲಿ ಒಂದು ಅನ್ಯಾಯ ನಡೆಯಿತು. ಮಲಪ್ರಭೆ ಊರೊಳಗೆ ಬಂದ ಮಾರನೆಯ ದಿನ ಅದು. ಅಕ್ಕಿ, ಜೋಳ, ಬಟ್ಟೆ, ಕಂಬಳಿ ಎಲ್ಲವೂ ತುಂಬಿದ್ದ ಉಗ್ರಾಣದಿಂದ ಮೂವರನ್ನು ಬರಿಗೈಯಲ್ಲಿ ಕಳಿಸಲಾಯಿತು. ಯಾರು ಕಳಿಸಿದರು? ಆ ಮನುಷ್ಯನಿಗೆ ನೀವು ಈಗ ಹತ್ತು ನಿಮಿಷದ ಹಿಂದೆ ಶಾಲು ಹೊದಿಸಿ, ಹಾರ ಹಾಕಿ, ಮಾನಪತ್ರ ಓದಿ, ಈ ಹೊಸ ಉಗ್ರಾಣದ ಕೀಲಿಕೈಯನ್ನು ಹರಿವಾಣದಲ್ಲಿಟ್ಟು ಕೊಟ್ಟಿರಿ. ಚಪ್ಪಾಳೆಯನ್ನೂ ತಟ್ಟಿದಿರಿ. ಈಗ ಅದನ್ನು ವಾಪಸು ಪಡೆಯುವ ವ್ಯವಸ್ಥೆ ಇಲ್ಲ.

ಮಾನಪತ್ರದಲ್ಲಿ ಬರೆದಿದೆ: "ಪ್ರವಾಹದ ಸಂದರ್ಭದಲ್ಲಿ ಒಂದು ಕಾಳೂ ವ್ಯರ್ಥವಾಗದಂತೆ ಪರಿಹಾರ ಸಾಮಗ್ರಿಯನ್ನು ಕಾಪಾಡಿದ ಶ್ರೀ ರಘೋತ್ತಮರಾಯರಿಗೆ." ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ನಾನು ಎಷ್ಟು ಚೆನ್ನಾಗಿ ಕಾಪಾಡಿದೆನೆಂದರೆ, ಮೊದಲ ದಿನ ಅರ್ಧ ಊರಿಗೆ ಆ ಕಾಳು ಕಾಣಿಸಲೇ ಇಲ್ಲ.

ಹೊಸಬರಿಗಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ. ಈ ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಗ್ರಂಥಪಾಲಕನಾಗಿದ್ದವನು ನಾನು. ಗ್ರಂಥಾಲಯ ಇರುವುದು ಹಳೆಯ ವಾಡೆಯ ಮಹಡಿಯ ಮೇಲೆ. ಮೆಟ್ಟಿಲು ಹತ್ತೊಂಬತ್ತು. ಈ ಅವಧಿಯಲ್ಲಿ ಕಳೆದುಹೋದ ಪುಸ್ತಕಗಳು ಎರಡೇ ಎರಡು. ಒಂದನ್ನು ಆಡು ತಿಂದಿತು. ಇನ್ನೊಂದು ಅಧ್ಯಕ್ಷರ ಮನೆಯಲ್ಲಿದೆ. ಅದರ ಬಗ್ಗೆ ಇವತ್ತು ಮಾತಾಡುವುದಿಲ್ಲ.

ಹೊಳೆ ಉಕ್ಕಿದಾಗ ಊರಿನಲ್ಲಿ ಒಣಗಿದ ಜಾಗವೆಂದರೆ ಆ ಮಹಡಿ. ರಾಮದುರ್ಗದಿಂದ, ಧಾರವಾಡದಿಂದ, ಬೈಲಹೊಂಗಲದಿಂದ ಬಂದ ಸಾಮಾನನ್ನೆಲ್ಲ ಅಲ್ಲಿಗೇ ಹೊತ್ತು ಹಾಕಿದರು. ಮಹಾಂತಪ್ಪನವರು ನನ್ನ ಕೈ ಹಿಡಿದುಕೊಂಡು, "ರಾಯರ, ನಿಮ್ಮ ಕೈಯಾಗ ಕೊಟ್ರ ಲೆಕ್ಕ ತಪ್ಪೂದಿಲ್ಲ, ನೀವ ನೋಡ್ಕೋರಿ" ಎಂದರು. ಮೂವತ್ತೊಂದು ವರ್ಷದಲ್ಲಿ ನನ್ನನ್ನು ಯಾರಾದರೂ ಹಾಗೆ ಕೈ ಹಿಡಿದು ಕೇಳಿಕೊಂಡದ್ದು ಅದೇ ಮೊದಲು. ನಾನು ನೋಡಿಕೊಂಡೆ. ನನಗೆ ಗೊತ್ತಿದ್ದ ರೀತಿಯಲ್ಲಿಯೇ ನೋಡಿಕೊಂಡೆ.

ಅಂದರೆ ಏನು ಮಾಡಿದೆ? ಅಕ್ಕಿ ಚೀಲಗಳಿಗೆ ಕ್ರಮಾಂಕದ ಚೀಟಿ ಅಂಟಿಸಿದೆ. ಬೇಳೆಯನ್ನು ಅಕಾರಾದಿಯಾಗಿ ಜೋಡಿಸಿದೆ: ಉದ್ದು, ಕಡಲೆ, ತೊಗರಿ, ಹೆಸರು. ಬಟ್ಟೆಗಳನ್ನು ಎರಡು ಬಗೆಯ ಗಂಟು ಕಟ್ಟಿಸಿದೆ. ನೀಲಿ ದಾರದ್ದು ಗಂಡಸರ ಗಂಟು, ಅದರಲ್ಲಿ ಧೋತರ, ಟವೆಲು. ಕೆಂಪು ದಾರದ್ದು ಹೆಂಗಸರ ಗಂಟು, ಅದರಲ್ಲಿ ಸೀರೆ, ಕುಪ್ಪಸ. ಹಾಗೆಯೇ ಸಾಲು ಎರಡು. ದಪ್ಪನೆಯ ಒಳ್ಳೆಯ ಕಂಬಳಿಗಳು ಹನ್ನೆರಡೇ ಇದ್ದುದರಿಂದ ಅವನ್ನು ಆಕರ ವಿಭಾಗದಲ್ಲಿಟ್ಟೆ. ಆಕರ ವಿಭಾಗದ ನಿಯಮ ಓದುಗರಿಗೆ ಗೊತ್ತು, ಮನೆಗೆ ಒಯ್ಯುವಂತಿಲ್ಲ. ಚಳಿಯಾದವರು ಮೇಲೆ ಬಂದು, ಅಲ್ಲಿಯೇ ಕುಳಿತು ಹೊದ್ದುಕೊಂಡು, ಚಳಿ ಬಿಟ್ಟ ಮೇಲೆ ಮೇಜಿನ ಮೇಲಿಟ್ಟು ಹೋಗಬಹುದಾಗಿತ್ತು.

ನೀವು ನಗುತ್ತಿದ್ದೀರಿ. ಅಂದು ಯಾರೂ ನಗಲಿಲ್ಲ. ಗೋಡೆಯ ಮೇಲೆ "ಮೌನವಾಗಿರಿ" ಎಂಬ ಫಲಕವಿತ್ತು, ಅದಕ್ಕಿರಬೇಕು.

ಆ ಮೂವರ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅವರ ಹಸಿವು ನನಗೆ ಗೊತ್ತಿದೆ. ಗೋಧಿ ಹುಗ್ಗಿಯ ವಾಸನೆ ನನಗೂ ಬರುತ್ತಿದೆ.

ಮೊದಲು ಬಂದವನು ಹನುಮಪ್ಪ. ವಾಡೆಯ ಬಾಗಿಲ ಪಕ್ಕದಲ್ಲಿಯೇ ಛತ್ರಿ, ಸ್ಟೋ, ಟಾರ್ಚು ರಿಪೇರಿ ಮಾಡುವವನು. ಚಿಕ್ಕಂದಿನಿಂದ ಕಾಲಿನಲ್ಲಿ ಬಲವಿಲ್ಲ, ಮೂರು ಗಾಲಿಯ ಸೈಕಲ್ಲೇ ಕಾಲು. ನೀರಿನಲ್ಲಿ ಆ ಸೈಕಲ್ಲು ತಳ್ಳಿಸಿಕೊಂಡು ಬಂದು, ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದ. ನಾನು ಮಹಡಿಯ ಕಟಕಟೆಯಿಂದ ಬಗ್ಗಿ, ಸ್ವತಃ ಬಂದು ರಿಜಿಸ್ಟರಿನಲ್ಲಿ ಸಹಿ ಮಾಡಿದವರಿಗೆ ಮಾತ್ರ ಎಂದು ಹೇಳಿದೆ. ಹಾಗಾದರೆ ರಿಜಿಸ್ಟರನ್ನು ಕೆಳಗೆ ಕಳಿಸಿ ಎಂದ. ದಾಖಲೆಯ ಪುಸ್ತಕ ಕೋಣೆಯಿಂದ ಹೊರಗೆ ಬರುವಂತಿಲ್ಲ ಎಂದೆ.

ಹನುಮಪ್ಪ ಸೈಕಲ್ಲಿನ ಮೇಲಿಂದಲೇ ಕತ್ತೆತ್ತಿ, "ಅದಕ್ಕೂ ಮೆಟ್ಟಲಾ ಇಳ್ಯಾಕ ಬರಾಂಗಿಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದ. "ನನ್ನಂಗನ ಐತಿ ಪಾಪ. ಅದಕ್ಕೂ ಒಂದು ಗಾಡಿ ಮಾಡಸ್ರಿ." ಸೈಕಲ್ಲು ತಿರುಗಿಸಿಕೊಂಡು ಹೋದ.

ಒಂದು ಮಾತು ಇಲ್ಲಿ ಹೇಳಬೇಕೆಂದು ಬರೆದುಕೊಂಡಿರಲಿಲ್ಲ, ಬಾಯಿಗೆ ಬಂತು. ಮೂವತ್ತೊಂದು ವರ್ಷ ನಾನು ದಿನವೂ ಹನುಮಪ್ಪನನ್ನು ದಾಟಿಕೊಂಡು ಮೇಲೆ ಹೋಗಿದ್ದೇನೆ. ಆತ ರದ್ದಿ ಪತ್ರಿಕೆಯ ತುಂಡುಗಳನ್ನು ಕೂಡ ಬಿಡದೆ ಓದುತ್ತಿದ್ದ. "ಏನಪಾ, ಮೇಲೆ ಗ್ರಂಥಾಲಯ ಅದ, ಒಂದು ದಿನಾನೂ ಬಂದಿಲ್ಲಲಾ" ಎಂದು ನಾನು ಕೇಳುತ್ತಿದ್ದೆ. ಆತ ನಗುತ್ತಿದ್ದ. ಎಂಥ ಆಲಸಿ ಎಂದುಕೊಂಡು ನಾನು ಮೆಟ್ಟಿಲು ಹತ್ತುತ್ತಿದ್ದೆ. ಮೆಟ್ಟಿಲು ಹತ್ತುತ್ತಾ ಹಾಗೆ ಅಂದುಕೊಳ್ಳುತ್ತಿದ್ದೆ, ಗಮನಿಸಿ.

ಇರಲಿ. ಎರಡನೆಯವರು ರಾಚವ್ವ. ಕೆಳಗಿನ ಕೇರಿಯ ಸೂಲಗಿತ್ತಿ. ಕೇರಿಯ ಹೆಣ್ಣುಮಕ್ಕಳನ್ನೆಲ್ಲ ಸಾಲೆಯ ಒಂದು ಕೋಣೆಯಲ್ಲಿ ಕೂಡಿಸಿಕೊಂಡು, ಅವರ ಪರವಾಗಿ ಮಹಡಿ ಹತ್ತಿ ಬಂದಿದ್ದರು. ಮೇಜಿನ ಹತ್ತಿರ ಬಂದು ಏನೋ ಸಣ್ಣ ದನಿಯಲ್ಲಿ ಕೇಳಿದರು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದೆ. ಸುತ್ತ ಸಮಿತಿಯ ಗಂಡಸರು ನಿಂತಿದ್ದರು. ರಾಚವ್ವ, "ಹುಡುಗ್ಯಾರಿಗೆ ಬೇಕಾಗೇತ್ರಿ" ಎಂದರು. ಏನು ಬೇಕು ಎಂದು ಬೇಡಿಕೆ ಚೀಟಿಯಲ್ಲಿ ಬರೆದುಕೊಡಿ ಎಂದೆ. "ಮನಿಯಾಗ ನಿಮ್ಮ ಬಾಯಾರನ್ನ ಕೇಳ್ರಿ, ಹೇಳ್ತಾರ" ಎಂದು ಹೊರಟುಹೋದರು.

ಸಭಿಕರೇ, ಆ ಮಧ್ಯಾಹ್ನ ನನ್ನ ತಲೆಯ ನೇರ ಮೇಲೆ, ಅತಿ ಎತ್ತರದ ಕಪಾಟಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ ಇತ್ತು. ಧಾರವಾಡದ ಕಾಲೇಜು ಹುಡುಗಿಯರು ಕಳಿಸಿದ್ದು. ಅದರ ಮೇಲೆ ಏನು ಬರೆದಿತ್ತೆಂದು ಸಮಿತಿಯವರೆಲ್ಲ ಓದಿದೆವು. ಓದಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಹಾಂತಪ್ಪನವರು ಅದರ ಮೇಲೆ ಒಂದು ಟವೆಲು ಹೊದಿಸಿದರು. ನಾನು ಟವೆಲಿನ ಮೇಲೆ "ಇತರೆ" ಎಂದು ಚೀಟಿ ಅಂಟಿಸಿ, ಏಣಿ ಹಾಕಿ ಮೇಲಕ್ಕೇರಿಸಿದೆ. ಮುಟ್ಟಾದ ಹೆಣ್ಣುಮಕ್ಕಳಿಗೆ ಬೇಕಾದದ್ದು ಅದರಲ್ಲಿತ್ತು. ಸಭೆಯ ಮರ್ಯಾದೆಗಾಗಿ ಇದನ್ನು ಬಿಡಿಸಿ ಹೇಳಬಾರದೆಂದು ಕಾರ್ಯದರ್ಶಿಗಳು ಬೆಳಿಗ್ಗೆ ಸೂಚಿಸಿದ್ದರು. ಅಂದು ಯಾರೂ ಬಿಡಿಸಿ ಹೇಳದೆ ಇದ್ದುದಕ್ಕೇ ಇಂದು ಈ ಭಾಷಣ ಮಾಡಬೇಕಾಗಿದೆ.

ಆ ಹುಡುಗಿಯರು ಏನು ಮಾಡಿದರು? ಸಮಿತಿಯ ಗಣ್ಯರು ಹೊದಿಕೆಗೆಂದು ತಮ್ಮ ಮನೆಯಲ್ಲಿದ್ದ ಸನ್ಮಾನದ ಶಾಲುಗಳನ್ನು ನೇರ ಸಾಲೆಗೇ ಕಳಿಸಿ ದಾನ ಮಾಡಿದ್ದರು. ಎಲ್ಲವೂ ಹೀಗೆಯೇ, ಈಗ ನನ್ನ ಮೈಮೇಲಿರುವಂಥವು. ಇದರ ಆಚೆ ಏನಿದೆ ಎಂದು ಇದರ ಮೂಲಕವೇ ನೋಡಬಹುದು. ಚಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ರಾಚವ್ವ ಅವನ್ನು ಹರಿದು, ಮಡಿಸಿ, ಹುಡುಗಿಯರಿಗೆ ಕೊಟ್ಟರಂತೆ. ಅಧ್ಯಕ್ಷರೇ, ನಿಮಗೆ ಇಷ್ಟು ವರ್ಷ ಆದ ಸನ್ಮಾನಗಳಲ್ಲಿ ಊರಿಗೆ ಉಪಯೋಗವಾದದ್ದು ಅದೊಂದೇ. ಅದೂ ಜರಿ ಚುಚ್ಚುತ್ತಿತ್ತಂತೆ.

ಮೂರನೆಯವಳು ಅಪ್ಪು. ಎಲ್ಲರಿಗೂ ಗೊತ್ತಿರುವ ಅಪ್ಪು ಜೋಗತಿ. ಕಾಗದಪತ್ರದಲ್ಲಿ ಗಂಡಸು. ಎಲ್ಲವ್ವನ ಹೆಸರಿನಲ್ಲಿ ಸೀರೆ ಉಟ್ಟು ಇಪ್ಪತ್ತು ವರ್ಷವಾಗಿತ್ತು. ಎದೆಯ ಮಟ್ಟದ ನೀರಿನಲ್ಲಿ ಮನೆ ಬಿಟ್ಟು ಬಂದಿದ್ದಳು, ಸೀರೆಯಿಂದ ನೀರು ಸುರಿಯುತ್ತಿತ್ತು. ಹೆಂಗಸರ ಸಾಲಿನಲ್ಲಿ ನಿಂತರೆ ಹೆಂಗಸರು ಸರಿದುಕೊಂಡರು. ಗಂಡಸರ ಸಾಲಿಗೆ ಕಳಿಸಿದರೆ ಗಂಡಸರು ಸಿಳ್ಳೆ ಹೊಡೆದರು. ಆಕೆ ಎರಡೂ ಸಾಲು ಬಿಟ್ಟು ನೇರ ನನ್ನ ಮೇಜಿಗೆ ಬಂದಳು.

ನಾನು ಆಧಾರ್ ಕಾರ್ಡು ನೋಡಿದೆ. ಸೀರೆ ನೋಡಿದೆ. ನೀಲಿ ದಾರದ ಗಂಟು ಎತ್ತಿಕೊಂಡೆ, ಕೆಳಗಿಟ್ಟೆ. ಕೆಂಪು ದಾರದ್ದು ಎತ್ತಿಕೊಂಡೆ, ಕೆಳಗಿಟ್ಟೆ. ಅಪ್ಪು ನೋಡಿ ನೋಡಿ ಸಾಕಾಗಿ ಹೇಳಿದಳು, "ಯಪ್ಪಾ, ನನಗ ಥಂಡಿ ಹತ್ತೈತಿ. ಥಂಡಿ ಕೇಳಿ ಬರತೈತೇನ್ರಿ, ಇಂವ ಗಂಡೋ ಹೆಣ್ಣೋ ಅಂತ? ಒಣಾ ಸೀರಿ ಒಂದ ಕೊಡ್ರಿ, ಹೊಕ್ಕೇನಿ."

ಗ್ರಂಥಾಲಯದಲ್ಲಿ ಒಂದು ಪದ್ಧತಿಯಿದೆ. ಯಾವ ವಿಭಾಗಕ್ಕೆ ಸೇರಬೇಕೆಂದು ತಿಳಿಯದ ಪುಸ್ತಕ ಬಂದರೆ ಅದರೊಳಗೆ ಒಂದು ಚೀಟಿ ಇಟ್ಟು ಪಕ್ಕಕ್ಕಿಡುತ್ತೇವೆ. ಕೈ ತಾನಾಗಿ ಆ ಚೀಟಿ ತೆಗೆಯಿತು, ಬರೆಯಿತು, ಸಹಿ ಹಾಕಿತು. ಒದ್ದೆಯಾಗಿ ನಡುಗುತ್ತಿದ್ದ ಒಂದು ಮನುಷ್ಯ ಜೀವದ ಕೈಯಲ್ಲಿ ನಾನು ಇಟ್ಟದ್ದು ಸೀರೆಯಲ್ಲ, ಆ ಚೀಟಿ. ಅದರ ಮೇಲೆ ಇದ್ದದ್ದು ಎರಡೇ ಮಾತು: ವರ್ಗೀಕರಣ ಬಾಕಿ.

ಅಪ್ಪು ಅದೇ ಒದ್ದೆ ಸೀರೆಯಲ್ಲಿ ಒಂದು ಟ್ರ್ಯಾಕ್ಟರಿನ ಹಿಂದೆ ಕುಳಿತು ಸವದತ್ತಿಗೆ ಹೋದಳು. ಅಲ್ಲಿ ಹದಿನೆಂಟು ದಿನ ಜ್ವರದಲ್ಲಿ ಮಲಗಿದ್ದಳು. ಬದುಕಿದಳು. ಅದರಲ್ಲಿ ಈ ಸಮಿತಿಯ ಪಾತ್ರವೇನೂ ಇಲ್ಲ.

ಆ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಾ ನಾನು ದಿನದ ವರದಿ ಒಪ್ಪಿಸಿದೆ, ಹೆಮ್ಮೆಯಿಂದಲೇ. ನನ್ನ ಶ್ರೀಮತಿ ರಾಧಾಬಾಯಿ ಪೂರ್ತಿ ಕೇಳಿಸಿಕೊಂಡರು. "ಅಲ್ರೀ, ಊರಾಗಿನ ಪುಸ್ತಕ ಎಲ್ಲಾ ಓದೀರಿ. ಆ ಪೆಟಿಗಿ ಮ್ಯಾಲೆ ಬರದದ್ದು ನಿಮಗ ಓದ್ಲಿಕ್ಕೆ ಬರಲಿಲ್ಲೇನು?" ಎಂದರು. ಮರುದಿನ ಬೆಳಿಗ್ಗೆ ನನಗಿಂತ ಮುಂಚೆ ಮಹಡಿ ಹತ್ತಿ, ಏಣಿ ಹಾಕಿ ಪೆಟ್ಟಿಗೆ ಇಳಿಸಿ, ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ನಡೆದರು. ದಾಖಲೆ ಹೊರಗೆ ಒಯ್ಯುವಂತಿಲ್ಲ ಎಂದು ನಾನು ಹಿಂದಿನಿಂದ ಕೂಗಿದೆ. ಹೌದು, ಅಂದೂ ಕೂಗಿದೆ. "ಒಯ್ಲಿಕ್ಕೆ ಹತ್ತೇನಿ. ದಂಡ ಬರಕೋರಿ" ಎಂದರು. ಕೊನೆಯ ಮೆಟ್ಟಿಲ ಮೇಲೆ ಹನುಮಪ್ಪನ ಪಕ್ಕ ಕುಳಿತು ಹಂಚಲು ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಕಪಾಟು ಖಾಲಿ. ಆಕರ ವಿಭಾಗವೂ ಖಾಲಿ. ಅಪ್ಪು ಮಾತ್ರ ಊರಲ್ಲಿರಲಿಲ್ಲ.

ದಸರೆಯ ಮುಂದೆ ಊರಿಗೆ ಮರಳಿದಳು. ಅಂದಿನಿಂದ ಪ್ರತಿ ಮಂಗಳವಾರ ನಮ್ಮ ಓಣಿಗೆ ಬರುತ್ತಾಳೆ. ಹೆಂಗಸರೊಂದಿಗೆ ಮಾತಾಡಿ, ರಾಧಾಬಾಯಿಯಿಂದ ಚಹಾ ಇಸಿದುಕೊಂಡು, ಹೋಗುವ ಮುಂದೆ ಎಲ್ಲವ್ವನ ಪಡಲಗಿ ಬುಟ್ಟಿಯಿಂದ ಆ ಚೀಟಿ ತೆಗೆದು ತೋರಿಸಿ, "ಸಾಹೇಬ್ರ, ಇದು ಆತೇನ್ರಿ?" ಎಂದು ಕೇಳುತ್ತಾಳೆ. ಸಿಟ್ಟಿನಿಂದಲ್ಲ, ಕಚೇರಿಗೆ ಅರ್ಜಿ ಕೊಟ್ಟವರು ಕೇಳುವ ಹಾಗೆ. ನಾನು ಪತ್ರಿಕೆ ಅಡ್ಡ ಹಿಡಿದುಕೊಳ್ಳುತ್ತೇನೆ. ಆರು ವರ್ಷದಲ್ಲಿ ಎಷ್ಟು ಮಂಗಳವಾರ ಬರುತ್ತವೆಂದು ನೀವೇ ಗುಣಿಸಿಕೊಳ್ಳಿ.

ಹೀಗಿರುವಾಗ ಸಮಿತಿ ಈ ಹೊಸ ಉಗ್ರಾಣ ಕಟ್ಟಿತು. ಕಟ್ಟಿದ್ದು ಒಳ್ಳೆಯದೇ. ನೆಲ ಎತ್ತರಿಸಿದ್ದು ಒಳ್ಳೆಯದೇ, ಹೊಳೆ ಮತ್ತೆ ಬರುತ್ತದೆ. ಏಳು ಮೆಟ್ಟಿಲು. ಪಕ್ಕದಲ್ಲಿ ಸೈಕಲ್ಲು, ತಳ್ಳುಗಾಡಿ ಹತ್ತಲು ಒಂದು ಇಳಿಜಾರು ನಕ್ಷೆಯಲ್ಲಿತ್ತು. ನಕ್ಷೆಯನ್ನು ನಾನೇ ನೋಡಿದ್ದೇನೆ. ಇವತ್ತು ಬಂದು ನೋಡಿದರೆ ಆ ಜಾಗದಲ್ಲಿ ಕರಿಕಲ್ಲಿನ ನಾಮಫಲಕ ನಿಂತಿದೆ. ಅದರ ಮೇಲೆ ಸಮಿತಿಯ ಹನ್ನೊಂದು ಹೆಸರುಗಳಿವೆ. ಹನುಮಪ್ಪ ಆ ಕಲ್ಲಿನ ಪಕ್ಕದಲ್ಲಿಯೇ ಸೈಕಲ್ಲಿನ ಮೇಲೆ ಕುಳಿತು ಹೆಸರು ಓದುತ್ತಿದ್ದಾನೆ. ಓದುವ ಹವ್ಯಾಸ ಚೆನ್ನಾಗಿದೆ ಎಂದು ಈಗಲಾದರೂ ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ರಿಬ್ಬನ್ನು ಕತ್ತರಿಸಿ ಒಳಗೆ ಹೋದೆ. ಏನು ಕಂಡೆ? ನೀಲಿ ದಾರದ ಗಂಟು, ಕೆಂಪು ದಾರದ ಗಂಟು. ಅತಿ ಎತ್ತರದ ಕಪಾಟಿನ ಮೇಲೆ ಟವೆಲು ಹೊದಿಸಿದ ಒಂದು ಪೆಟ್ಟಿಗೆ, ಅದರ ಮೇಲೆ "ಇತರೆ". ಅಕ್ಷರ ಮಾತ್ರ ನನ್ನದಲ್ಲ. ನನ್ನ ಪದ್ಧತಿ ನನಗಿಂತ ಹೆಚ್ಚು ಬಾಳುತ್ತದೆಂದು ಅಲ್ಲಿ ಗೊತ್ತಾಯಿತು.

ಅದಕ್ಕೇ ಈ ಚೀಟಿ. ಅಲ್ಲಿಂದ ನೇರ ಅಪ್ಪುವಿನ ಮನೆಗೆ ಹೋಗಿ, ಕೈಮುಗಿದು, ಕೇಳಿ ತಂದಿದ್ದೇನೆ. ಆಕೆ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಕ್ಕಪಕ್ಕದ ಎರಡು ಕುರ್ಚಿ ಖಾಲಿ ಇವೆ, ಎಲ್ಲರೂ ನೋಡಿಕೊಳ್ಳಿ. ಚೀಟಿಯ ಹಿಂಬದಿಯಲ್ಲಿ ನಾನು ಬರೆದದ್ದನ್ನು ಓದುತ್ತೇನೆ: "ವರ್ಗೀಕರಣದ ಅಗತ್ಯವಿಲ್ಲ. ಕೇಳಿದ್ದನ್ನು ಕೊಡತಕ್ಕದ್ದು. ಆರು ವರ್ಷ ತಡವಾದುದು ನನ್ನ ತಪ್ಪು." ಕೆಳಗೆ ಸಹಿ, ಇಂದಿನ ತಾರೀಖು. ನನ್ನ ಉತ್ತರ ಇದು. ನನ್ನದು ಮುಗಿಯಿತು.

ಇನ್ನು ನಿಮ್ಮದು. ಮಾನ್ಯ ಅಧ್ಯಕ್ಷರೇ, ಆ ಕಲ್ಲನ್ನು ಯಾವ ದಿನ ಕೀಳುತ್ತೀರಿ, ಇಳಿಜಾರನ್ನು ಯಾವ ದಿನ ಕಟ್ಟುತ್ತೀರಿ? ಆ ಪೆಟ್ಟಿಗೆಯನ್ನು ಕೈಗೆಟಕುವ ಕಪಾಟಿಗೆ ಯಾರು ಇಳಿಸುತ್ತೀರಿ, ಟವೆಲು ತೆಗೆದು? ಗಂಟುಗಳ ದಾರ ಯಾರು ಬಿಚ್ಚುತ್ತೀರಿ? ಮತ್ತು ನೀರು ಮೊದಲು ಹೊಗುವ ಕೆಳಗಿನ ಕೇರಿಯಲ್ಲಿ, ರಾಚವ್ವನ ಮನೆಯಲ್ಲಿ, ಒಂದು ಕೀಲಿಕೈ ಇರಬೇಕೋ ಬೇಡವೋ? ಸಮಿತಿಯ ಸಭೆಯಲ್ಲಿ ನೋಡೋಣ ಎನ್ನಬೇಡಿ. 2009ರ ನೆರೆಯ ನಂತರವೂ ಸಭೆಯಲ್ಲಿ ನೋಡೋಣ ಎಂದಿದ್ದಿರಿ. ನನಗೆ ನೆನಪಿದೆ, ಆ ಸಭೆಗೆ ತಿನ್ನಲು ನಾನೇ ಮಂಡಾಳ ಒಗ್ಗರಣಿ ತರಿಸಿದ್ದೆ. ಉತ್ತರ ಇಲ್ಲಿ ಬೇಕು, ಈ ಮೈಕಿನಲ್ಲಿ ಬೇಕು, ವಂದನಾರ್ಪಣೆಗೆ ಮುಂಚೆ ಬೇಕು.

ಅವಸರವಿಲ್ಲ, ಯೋಚಿಸಿ ಹೇಳಿ. ಒಂದು ವಿಷಯ ಮಾತ್ರ ತಿಳಿಸಿಬಿಡುತ್ತೇನೆ. ನಾಯಿಗಳ ಕಾಟವೆಂದು ಹುಗ್ಗಿಯ ಹಂಡೆ, ಬದನೆಕಾಯಿ ಪಲ್ಯ, ಅನ್ನ, ಸಾರು ಎಲ್ಲವನ್ನೂ ಅಡುಗೆಯವರು ಈ ಉಗ್ರಾಣದ ಒಳಗೇ ಇಟ್ಟಿದ್ದಾರೆ. ಬಾಗಿಲಿಗೆ ಕೀಲಿ ಹಾಕಿದೆ. ಕೀಲಿಕೈ ನೀವು ನನಗೇ ಕೊಟ್ಟಿದ್ದೀರಿ, ಇಗೋ ಜೇಬಿನಲ್ಲಿದೆ. ಇನ್ನೊಂದು ಕೀಲಿಕೈಯನ್ನು ಸುರಕ್ಷಿತವಾಗಿರಲೆಂದು ಸಮಿತಿಯವರು ಒಳಗಿನ ಮೊಳೆಗೇ ತೂಗುಹಾಕಿದ್ದಾರೆ. ಮಕ್ಕಳು, ಬಾಣಂತಿಯರು, ಸಕ್ಕರೆ ಕಾಯಿಲೆಯವರು ಆಗಲೇ ನಮ್ಮ ಮನೆಯಲ್ಲಿ ರಾಧಾಬಾಯಿ ಬಡಿಸಿದ್ದನ್ನು ಉಂಡು ಬಂದಿದ್ದಾರೆ. ಹಸಿದಿರುವವರು ಮುಖ್ಯವಾಗಿ ವೇದಿಕೆಯ ಮೇಲಿನವರು. ಒಳಗೆ ಊಟವಿದ್ದೂ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಹನುಮಪ್ಪನನ್ನು ಕೇಳಿದರೆ ಹೇಳುತ್ತಾನೆ.

ಸನ್ಮಾನಿಸಿದ ಸಮಿತಿಗೆ, ಆರು ವರ್ಷ ಚೀಟಿ ಕಾಪಾಡಿದ ಅಪ್ಪುವಿಗೆ, ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ನಿಮಗೆಲ್ಲರಿಗೂ ವಂದನೆಗಳು. ಮಹಾಂತಪ್ಪನವರೇ, ಮೈಕು ಇಲ್ಲಿದೆ, ಬನ್ನಿ. ಬಾಗಿಲು ನಿಮ್ಮ ಉತ್ತರದ ನಂತರ.

ನಮಸ್ಕಾರ.